ಮಾತ್ರೆ ಬಿಟ್ಟ ಮೇಲೆ ಬಂದ ನೋವು

ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ ಮೇಲೆ ನನ್ನ ಮುಟ್ಟು ಲೆಕ್ಕ ತಪ್ಪಿತು. ಬಂದಾಗಲೂ ತಡೆಯಲಾಗದ ನೋವಿನ ಜೊತೆ ಬಂತು. ಇದನ್ನು ಇಷ್ಟು ನೇರವಾಗಿ ಬರೆಯುವುದಕ್ಕೆ ಕಾರಣವಿದೆ. ಮದುವೆಯಾದ ಹೆಂಗಸು ತಿಂಗಳು ತಪ್ಪಿದೆ ಎಂದರೆ ನಮ್ಮ ಕಡೆ ಜನಕ್ಕೆ ಕೇಳಿಸುವುದು ಒಂದೇ ಸುದ್ದಿ. ಅತ್ತೆಯ ಮುಖ ಅರಳುತ್ತದೆ, ನಾದಿನಿ ಫೋನ್ ಮಾಡುತ್ತಾಳೆ, ಪಕ್ಕದ ಮನೆಯವರು ಗೇಟಿನ ಹತ್ತಿರ ನಿಲ್ಲಿಸಿ "ಏನ್ರೀ, ವಿಶೇಷನಾ?" ಅನ್ನುತ್ತಾರೆ. ಅದಲ್ಲ ಎಂದು ಗೊತ್ತಾದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾದರೆ ಯಾಕೆ ತಪ್ಪಿತು, ನೋವು ಎಷ್ಟಿದೆ, ರಾತ್ರಿ ನಿದ್ದೆ ಬರುತ್ತಾ ಅಂತ ಯಾರೂ ಮುಂದಕ್ಕೆ ಕೇಳುವುದಿಲ್ಲ.

ನಾನು ದಾವಣಗೆರೆಯಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹುಟ್ಟಿದ್ದು ಜಗಳೂರಿನ ಕಡೆಯ ಹಳ್ಳಿ. ಮಾತ್ರೆ ಶುರುವಾಗಿದ್ದು ಮಕ್ಕಳು ಬೇಡ ಎಂದಲ್ಲ. ಬಿ.ಎಸ್ಸಿ. ಓದುವಾಗ ಹಾಸ್ಟೆಲ್‌ನಲ್ಲಿದ್ದೆ. ಮುಟ್ಟಾದ ಮೊದಲ ದಿನ ವಾಂತಿ, ಬೆವರು, ತೊಡೆಯವರೆಗೂ ಎಳೆಯುವ ನೋವು, ಕ್ಲಾಸಿಗೆ ಹೋಗುವ ಮಾತೇ ಇಲ್ಲ. ಡಾಕ್ಟರ್ ಹತ್ತಿರ ಹೋದಾಗ ಎರಡು ಮಾತು ಕೇಳಿ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. "ಎಲ್ಲ ಸರಿ ಹೋಗುತ್ತೆ" ಎಂದರು. ಸರಿಯೂ ಹೋಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಮಾತ್ರೆಯಿಂದಲೇ ನಾನು ಪರೀಕ್ಷೆ ಬರೆದೆ, ಬಿ.ಎಡ್. ಮುಗಿಸಿದೆ, ಕೆಲಸ ಹಿಡಿದೆ. ಮದುವೆಯಾದ ಮೇಲೆ ಒಂದಷ್ಟು ವರ್ಷ ಮಕ್ಕಳು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು, ಆಗಲೂ ಅದೇ ಮಾತ್ರೆ ಮುಂದುವರಿಯಿತು. ಮಧ್ಯೆ ಯಾವ ಡಾಕ್ಟರೂ ಮೊದಲಿನ ನೋವು ಯಾಕಿತ್ತು ಎಂದು ಹಿಂದಕ್ಕೆ ಹೋಗಿ ಕೇಳಲಿಲ್ಲ. ನೋವು ಇರಲಿಲ್ಲವಲ್ಲ, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಮಾತ್ರೆ ತೆಗೆದುಕೊಳ್ಳುವಾಗ ತಿಂಗಳು ತಿಂಗಳು ಬರುವ ರಕ್ತ ನಿಜವಾದ ಮುಟ್ಟಲ್ಲ. ಇದು ನನಗೆ ತಿಳಿದ ದಿನ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಸಾಮಾನ್ಯ ಮಾತ್ರೆಯಲ್ಲಿ ಎರಡು ಹಾರ್ಮೋನುಗಳಿರುತ್ತವೆ, ಒಂದು ಈಸ್ಟ್ರೋಜನ್ ಜಾತಿಯದು, ಇನ್ನೊಂದು ಪ್ರೊಜೆಸ್ಟರಾನ್ ಜಾತಿಯದು. ಸರ್ಕಾರದ ಮಾಲಾ-ಡಿ ಶೀಟಿನಲ್ಲಿ 21 ಬಿಳಿ ಮಾತ್ರೆಗಳಲ್ಲಿ ಈ ಎರಡೂ ಇರುತ್ತವೆ, ಉಳಿದ 7 ಕಂದು ಮಾತ್ರೆಗಳಲ್ಲಿ ಇರುವುದು ಬರೀ ಕಬ್ಬಿಣದಂಶ. ಬಿಳಿ ಮಾತ್ರೆ ಹೊಟ್ಟೆಗೆ ಹೋಗುತ್ತಿರುವವರೆಗೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಸಂದೇಶ ಕಳಿಸುವುದು ಕಡಿಮೆಯಾಗುತ್ತದೆ. ಅಂಡ ಬಲಿಯುವುದಿಲ್ಲ, ಬಿಡುಗಡೆಯಾಗುವುದಿಲ್ಲ. ಗರ್ಭಕೋಶದ ಒಳಪದರ ತೆಳ್ಳಗೇ ಉಳಿಯುತ್ತದೆ. ಕೊನೆಯ ಏಳು ದಿನ ಹಾರ್ಮೋನ್ ನಿಂತಾಗ ಆ ತೆಳು ಪದರ ಕಳಚಿ ಸ್ವಲ್ಪ ರಕ್ತ ಹೋಗುತ್ತದೆ. ಅಷ್ಟೇ. ತಿಂಗಳಿಗೆ ಸರಿಯಾಗಿ ಬರುತ್ತಿತ್ತು ಎಂದರೆ ಅದು ಶೀಟಿನ ಲೆಕ್ಕ, ನನ್ನ ದೇಹದ ಲೆಕ್ಕವಲ್ಲ.

ಹತ್ತನೇ ತರಗತಿಯ ಪಾಠದಲ್ಲಿ ಹಾರ್ಮೋನ್ ಮಾತ್ರೆ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ ಎಂಬ ವಿಷಯವಿದೆ. ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದು ಅಲ್ಲಿಲ್ಲ. ಮಾತ್ರೆಯ ಜೊತೆ ಬರುವ ಚೀಟಿಯನ್ನು ಓದೋಣ ಎಂದರೆ ಅಕ್ಷರ ಕಣ್ಣಿಗೇ ಕಾಣುವುದಿಲ್ಲ. ಮತ್ತೆ ಯಾರನ್ನು ಕೇಳಬೇಕು?

ನಮ್ಮ ಅಮ್ಮ, ಅತ್ತೆ, ದೊಡ್ಡಮ್ಮಂದಿರು ಯಾರಿಗೂ ಇದು ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ. ಅವರೆಲ್ಲ ಎರಡೋ ಮೂರೋ ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡವರು. ಈಗಲೂ ಹಾಗೆಯೇ ನಡೆದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂತಾನಶಕ್ತಿ ಹರಣದ ಆಪರೇಷನ್ ಆದವರೇ. ಮಾತ್ರೆ ತೆಗೆದುಕೊಳ್ಳುವವರು ಬಹಳ ಕಡಿಮೆ. ಆಪರೇಷನ್ನಿನಲ್ಲಿ ಅಂಡನಾಳವನ್ನಷ್ಟೇ ಮುಚ್ಚುತ್ತಾರೆ, ಅಂಡಾಶಯ ಮೊದಲಿನ ಹಾಗೇ ಕೆಲಸ ಮಾಡುತ್ತದೆ, ಮುಟ್ಟೂ ಬರುತ್ತಲೇ ಇರುತ್ತದೆ. ಹಾಗಾಗಿ "ನಿಲ್ಲಿಸುವುದು" ಎನ್ನುವ ಅನುಭವವೇ ಹಿಂದಿನ ತಲೆಮಾರಿಗೆ ಇಲ್ಲ. ಬಾಣಂತನಕ್ಕೆ ಏನು ತಿನ್ನಿಸಬೇಕು, ಮಗುವಿಗೆ ಉಸಿರು ಕಟ್ಟಿದರೆ ಏನು ಮಾಡಬೇಕು, ಎಲ್ಲವನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಹೆಂಗಸರು ಇದೊಂದರ ಮುಂದೆ ಸುಮ್ಮನಾಗುತ್ತಾರೆ. ಇಲ್ಲವೇ ಬೈಯುತ್ತಾರೆ. "ಆ ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡೆ ಕಣವ್ವ" ಅಂತ ನಮ್ಮ ದೊಡ್ಡಮ್ಮ ಅಂದಿದ್ದು ಪ್ರೀತಿಯಿಂದಲೇ. ಆದರೂ ಆ ಮಾತು ಎದೆಗೆ ಚುಚ್ಚಿತು.

ಒಂದು ವಿಷಯ ನೆನಪಾಗುತ್ತದೆ. ಮೈಸೂರು ಸಂಸ್ಥಾನದ ಸರ್ಕಾರ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ನಮ್ಮ ದಾವಣಗೆರೆ, ಚಿತ್ರದುರ್ಗ ಆಗ ಅದೇ ಸಂಸ್ಥಾನದಲ್ಲಿದ್ದವು. ಇಷ್ಟು ಹಳೆಯ ದಾರಿ ಇರುವ ನಾಡಿನಲ್ಲಿ ಈ ವಿಷಯ ಇನ್ನೂ ಅಡುಗೆಮನೆಯವರೆಗೂ ಬಂದಿಲ್ಲವಲ್ಲ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ.

ಈಗ ನಿಲ್ಲಿಸಿದ ಮೇಲಿನ ಕಥೆ. ಮಾತ್ರೆ ನಿಂತ ಕೆಲವು ದಿನಕ್ಕೆ ಒಂದು ಸಲ ರಕ್ತ ಹೋಯಿತು, ಅದು ಕೊನೆಯ ಶೀಟಿನದ್ದು. ಆಮೇಲೆ ಏನೂ ಇಲ್ಲ. ಮೆದುಳು ಮತ್ತು ಅಂಡಾಶಯದ ನಡುವಿನ ಮಾತುಕತೆ ಮತ್ತೆ ಶುರುವಾಗಬೇಕು. ಬಹಳ ಜನರಿಗೆ ಒಂದೆರಡು ತಿಂಗಳಲ್ಲಿ ಆಗುತ್ತದೆ, ಕೆಲವರಿಗೆ ಮೂರು ತಿಂಗಳವರೆಗೂ ಹಿಡಿಯಬಹುದು. ಮೂರು ತಿಂಗಳು ದಾಟಿದರೂ ಬರದಿದ್ದರೆ ಕಾಯುತ್ತಾ ಕೂರಬಾರದು. ಮೊದಲು ಮನೆಯಲ್ಲೇ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು. ಯಾಕೆಂದರೆ ಅಂಡ ಬಿಡುಗಡೆಯಾಗುವುದು ಮುಟ್ಟಿಗಿಂತ ಮೊದಲು. ಮಾತ್ರೆ ಬಿಟ್ಟ ಮೇಲೆ ಒಂದೂ ಮುಟ್ಟು ಆಗದೆಯೇ ಗರ್ಭ ನಿಲ್ಲಬಹುದು. "ಇನ್ನೂ ಮುಟ್ಟೇ ಶುರುವಾಗಿಲ್ಲ, ಏನೂ ಆಗಲ್ಲ" ಎಂದುಕೊಳ್ಳುವ ಹೆಂಗಸರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಗರ್ಭ ಇಲ್ಲ ಎಂದಾದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ರಕ್ತ ಪರೀಕ್ಷೆ, ಒಂದು ಸ್ಕ್ಯಾನ್. ಮೊದಲಿನಿಂದ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ, ಇದ್ದವರಿಗೆ ಮಾತ್ರೆ ಅದನ್ನು ಮುಚ್ಚಿಟ್ಟಿರುತ್ತದೆ, ನಿಂತ ಮೇಲೆ ಕಾಣಿಸಿಕೊಳ್ಳುತ್ತದೆ. ತೂಕ ತುಂಬಾ ಏರಿದರೆ, ಇಳಿದರೆ, ಮನಸ್ಸಿಗೆ ಭಾರ ಜಾಸ್ತಿಯಾದರೂ ಮುಟ್ಟು ಮುಂದೆ ಹೋಗುತ್ತದೆ.

ನನಗೆ ಬಂತು. ತಡವಾಗಿ, ಒಂದು ಸಲ ಬೇಗ, ಮತ್ತೆ ತುಂಬಾ ತಡವಾಗಿ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಬರುವುದಿಲ್ಲ, ಒಳಪದರ ಬೆಳೆಯುತ್ತಲೇ ಹೋಗಿ ಯಾವಾಗಲೋ ಕಳಚುತ್ತದೆ, ಅದಕ್ಕೇ ಲೆಕ್ಕ ಸಿಗುವುದಿಲ್ಲ, ರಕ್ತವೂ ಜಾಸ್ತಿ. ಹಾಸ್ಟೆಲ್ ದಿನಗಳ ಆ ನೋವೂ ವಾಪಸ್ ಬಂತು. ಗರ್ಭಕೋಶ ಎಂದರೆ ಒಂದು ಸ್ನಾಯು. ಮುಟ್ಟಿನ ಹೊತ್ತಿಗೆ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎನ್ನುವ ರಾಸಾಯನಿಕ ತಯಾರಾಗುತ್ತದೆ, ಅದು ಆ ಸ್ನಾಯುವನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಅದು ರಕ್ತಕ್ಕೂ ಸೇರಿದಾಗ ವಾಂತಿ, ಭೇದಿ, ತಲೆನೋವು. ಮಾತ್ರೆ ತೆಗೆದುಕೊಳ್ಳುವಾಗ ಪದರ ತೆಳು ಇದ್ದುದರಿಂದ ಈ ರಾಸಾಯನಿಕವೂ ಕಡಿಮೆ, ನೋವೂ ಕಡಿಮೆ. ಮಾತ್ರೆ ಹೋಯಿತು, ಪದರ ಮೊದಲಿನಂತಾಯಿತು, ನೋವು ಬಂತು. ಇದರಲ್ಲಿ ಹೊಟ್ಟೆ ಕೆಟ್ಟಿದ್ದು ಏನೂ ಇಲ್ಲ. ದೊಡ್ಡಮ್ಮನಿಗೆ ಇದನ್ನು ಕೂರಿಸಿಕೊಂಡು ಹೇಳಿದೆ. ಪೂರ್ತಿ ಒಪ್ಪಿದರೋ ಇಲ್ಲವೋ, ಬೈಯುವುದನ್ನಂತೂ ಬಿಟ್ಟರು.

ನೋವಿನ ಮಾತ್ರೆಯ ಬಗ್ಗೆ ಒಂದು ಮಾತು. ನಮ್ಮ ಹೆಂಗಸರಿಗೆ ತಡೆದುಕೊಳ್ಳುವ ಅಭ್ಯಾಸ. ಇನ್ನು ಆಗುವುದೇ ಇಲ್ಲ ಎಂದ ಮೇಲೆ ಮಾತ್ರೆ ನುಂಗುತ್ತಾರೆ, ಆಗ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಇವೆಲ್ಲ ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುವ ಔಷಧಿಗಳು. ನೋವು ಶುರುವಾಗುವ ಸೂಚನೆ ಸಿಕ್ಕ ಕೂಡಲೇ, ಊಟವಾದ ಮೇಲೆ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಉಪಯೋಗ ಜಾಸ್ತಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಗರ್ಭ ನಿಂತಿರಬಹುದು ಎಂಬ ಅನುಮಾನ ಇದ್ದವರು ಕೇಳದೆ ತೆಗೆದುಕೊಳ್ಳಬಾರದು. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಮೈಮೇಲೆ ಗುಳ್ಳೆ, ಜ್ವರದೊಂದಿಗೆ ಗಂಭೀರ ಅಲರ್ಜಿ ಆಗಬಹುದು ಎಂದು 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯ ಆಯೋಗ ಎಚ್ಚರಿಕೆ ಕೊಟ್ಟಿತ್ತು. ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವ ಮಾತ್ರೆ ಎಂದು ಹಗುರವಾಗಿ ನೋಡಬೇಡಿ. ಇನ್ನು ಶಾಖ. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ನಿಜಕ್ಕೂ ಕೆಲಸ ಮಾಡುತ್ತದೆ. ಅತ್ತೆ ಮಾಡಿಕೊಡುವ ಓಮಿನ ಕಾಳಿನ ಕಷಾಯವನ್ನೂ ಕುಡಿಯುತ್ತೇನೆ. ಅದು ಎಷ್ಟು ನೋವು ಇಳಿಸುತ್ತದೋ ಬೇರೆ ಮಾತು, ಅವರು ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾರಲ್ಲ, ಅದು ನನಗೆ ಬೇಕು.

ಅತ್ತೆಯ ಜೊತೆ ಒಂದು ಸಲ ಮಾತ್ರ ಗಟ್ಟಿಯಾಗಿ ಮಾತಾಡಬೇಕಾಯಿತು. ದುಗ್ಗಮ್ಮನ ಜಾತ್ರೆ ನಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ. ಮನೆಗೆ ನೆಂಟರೆಲ್ಲ ಬರುತ್ತಾರೆ. "ನಿನ್ನ ಡೇಟ್ ಯಾವಾಗಮ್ಮ?" ಎಂದು ಅವರು ಕೇಳಿದರು. ನನಗೇ ಗೊತ್ತಿಲ್ಲ, ಏನು ಹೇಳಲಿ? ಹಾಗಾದರೆ ಮುಂದಕ್ಕೆ ಹಾಕುವ ಮಾತ್ರೆ ತಗೋ ಎಂದರು. ಹಬ್ಬ, ಮದುವೆ, ಗೃಹಪ್ರವೇಶ ಅಂದರೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಹೆಂಗಸರು ಕೊಳ್ಳುವ ಆ ಮಾತ್ರೆ ನೊರೆತಿಸ್ಟಿರಾನ್. ಅದೂ ಹಾರ್ಮೋನೇ. ಮುಟ್ಟು ಬರಬೇಕಾದ ಮೂರು ದಿನ ಮೊದಲು ಶುರು ಮಾಡಬೇಕು, ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ. ಬರುವ ದಿನವೇ ತಿಳಿಯದವಳು ಮೂರು ದಿನ ಮೊದಲು ಎಂದು ಯಾವುದನ್ನು ಹಿಡಿಯುವುದು? ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗಂತೂ ಇದು ಅಪಾಯ. ನಾನು ಬೇಡ ಎಂದೆ. ಮುಟ್ಟಾದರೆ ದೇವಸ್ಥಾನಕ್ಕೆ ಬರುವುದಿಲ್ಲ, ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತೇನೆ ಎಂದೆ. ದೇವರ ಮೇಲಿನ ಭಕ್ತಿಗೂ ಈ ಮಾತ್ರೆಗೂ ಏನು ಸಂಬಂಧ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದರಲ್ಲೂ ಆಕೆ ದೇವಿ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಅಕ್ಕನ ವಿಷಯ ಇಲ್ಲಿ ಹೇಳಬೇಕು, ಅವರೇ ಬರಿ ಎಂದಿದ್ದಾರೆ. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಅಂತರಾ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರು. ಮೂರು ತಿಂಗಳಿಗೊಂದು ಸೂಜಿ. 2017ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ. ನಿಲ್ಲಿಸಿದ ಮೇಲೆ ಅವರಿಗೂ ತಿಂಗಳುಗಟ್ಟಲೆ ಮುಟ್ಟಿಲ್ಲ. ಗಂಡನ ಮನೆಯಲ್ಲಿ "ಬಂಜೆತನ ಬಂತು" ಎನ್ನುವವರೆಗೂ ಮಾತು ಹೋಯಿತು. ಈ ಇಂಜೆಕ್ಷನ್ ದೇಹದಿಂದ ನಿಧಾನವಾಗಿ ಇಳಿಯುತ್ತದೆ. ಕೊನೆಯ ಸೂಜಿಯಿಂದ ಲೆಕ್ಕ ಹಾಕಿದರೆ ಗರ್ಭ ನಿಲ್ಲುವ ಶಕ್ತಿ ವಾಪಸ್ ಬರಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ, ಶಾಶ್ವತ ಬಂಜೆತನ ಬರುವುದಿಲ್ಲ. ಮಾತ್ರೆಯದ್ದು ಬೇರೆ, ಸೂಜಿಯದ್ದು ಬೇರೆ, ಕಾಪರ್-ಟಿಯಲ್ಲಂತೂ ಹಾರ್ಮೋನೇ ಇಲ್ಲ. ಸೂಜಿ ಹಾಕುವ ದಿನವೇ ಯಾರಾದರೂ ಈ ಒಂದು ಮಾತನ್ನು ಕೂತು ಹೇಳಿದ್ದರೆ ಆ ಅಕ್ಕ ಅಷ್ಟು ಕಣ್ಣೀರು ಹಾಕಬೇಕಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ನೋವು ಕಡಿಮೆಯಾಗುವ ಬದಲು ತಿಂಗಳಿಂದ ತಿಂಗಳಿಗೆ ಏರಿದಾಗ ಬೇರೆ ಡಾಕ್ಟರ್ ಹತ್ತಿರ ಹೋದೆ. ಆ ಮೇಡಂ ಬರೆಯುವ ಮೊದಲು ಕೇಳಿದರು. ಮುಟ್ಟು ಬರುವ ಮೊದಲೇ ನೋವು ಶುರುವಾಗುತ್ತಾ? ನಿಂತ ಮೇಲೂ ಇರುತ್ತಾ? ಗಂಡನ ಜೊತೆ ಸೇರುವಾಗ ಒಳಗೆ ನೋಯುತ್ತಾ? ಆ ದಿನಗಳಲ್ಲಿ ಟಾಯ್ಲೆಟ್‌ಗೆ ಕೂತಾಗ ನೋವಾಗುತ್ತಾ? ಮೊದಲ ಸಲ ಇಷ್ಟು ನೋವು ಬಂದಾಗ ನಿಮಗೆ ಎಷ್ಟು ವಯಸ್ಸು? ಇಷ್ಟು ವರ್ಷದಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಎಲ್ಲದಕ್ಕೂ ಹೌದು ಎನ್ನುತ್ತಾ ಹೋದೆ, ಕೊನೆಯದಕ್ಕೆ ಉತ್ತರ ಕೊಡುವ ಹೊತ್ತಿಗೆ ಅಳು ಬಂತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಲೀಟರುಗಟ್ಟಲೆ ನೀರು ಕುಡಿದು, ಮೂತ್ರ ತಡೆದುಕೊಂಡು, ಗರ್ಭಿಣಿಯರ ಸಾಲಿನಲ್ಲಿ ಕಾಯಬೇಕು. ಗೋಡೆಯ ಮೇಲೆ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು. ಪಕ್ಕದಲ್ಲಿ ಕೂತ ಅಜ್ಜಿ "ಎಷ್ಟು ತಿಂಗಳವ್ವ?" ಎಂದರು. ನೋವಿಗೆ ಬಂದಿದ್ದೇನೆ ಅಜ್ಜಿ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು, ಬೇರೇನೂ ಕೇಳಲಿಲ್ಲ.

ಎಡಗಡೆ ಅಂಡಾಶಯದಲ್ಲಿ ಒಂದು ಚಿಕ್ಕ ಚಾಕಲೇಟ್ ಸಿಸ್ಟ್. ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು, ಅದೂ ತಿಂಗಳು ತಿಂಗಳು ಉರಿಯೂತ ಎಬ್ಬಿಸುತ್ತದೆ. ಹಳೆಯ ರಕ್ತ ತುಂಬಿಕೊಂಡ ಗಂಟು ಕಂದು ಬಣ್ಣಕ್ಕೆ ತಿರುಗುವುದರಿಂದ ಆ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇಕಡ 10 ಜನರಿಗೆ ಈ ಕಾಯಿಲೆ ಇದೆ. ಅಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇರಲಿಕ್ಕಿಲ್ಲ. ಸ್ಕ್ಯಾನಿನಲ್ಲಿ ಎಲ್ಲರಿಗೂ ಇದು ಕಾಣುವುದೂ ಇಲ್ಲ, ಸ್ಕ್ಯಾನ್ ನಾರ್ಮಲ್ ಎಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಮಾತ್ರೆಯಿಂದ ಇದು ಬಂತಾ ಎಂದು ಕೇಳಿದೆ. ಇಲ್ಲ ಎಂದರು. ಈ ಕಾಯಿಲೆಯ ನೋವಿಗೆ ಕೊಡುವ ಚಿಕಿತ್ಸೆಗಳಲ್ಲಿ ಅದೇ ಮಾತ್ರೆಯೂ ಒಂದು. ಹಾಸ್ಟೆಲ್ ದಿನಗಳಲ್ಲಿ ನನಗೆ ಸಿಕ್ಕಿದ್ದು ಸರಿಯಾದ ಔಷಧಿಯೇ, ಕಾಯಿಲೆಯ ಹೆಸರು ಮಾತ್ರ ಸಿಗಲಿಲ್ಲ. ಹೆಸರು ಸಿಕ್ಕಿದ್ದರೆ ನಿಲ್ಲಿಸುವ ಮೊದಲು ಏನೇನು ಆಗಬಹುದು ಎಂದು ತಯಾರಿರುತ್ತಿದ್ದೆ, ಮಕ್ಕಳ ವಿಷಯ ಬೇಗ ಯೋಚಿಸಬೇಕಾ ಎಂದು ನಾವಿಬ್ಬರೂ ಕೂತು ಮಾತಾಡುತ್ತಿದ್ದೆವು. ನನ್ನ ದೂರು ಇಷ್ಟೇ. ಮಾತ್ರೆ ಕೊಡಿ, ಬೇಕಾದವರಿಗೆ ಖಂಡಿತ ಕೊಡಿ. ಯಾವುದಕ್ಕೆ ಕೊಡುತ್ತಿದ್ದೀರಿ ಎಂದು ಆ ಹುಡುಗಿಗೆ ಹೇಳಿ. ಬಿಟ್ಟ ದಿನ ಅದು ವಾಪಸ್ ಬರಬಹುದು ಎಂದೂ ಹೇಳಿ.

ನಮ್ಮ ಅಕ್ಕನ ಮಗಳು ಈಗ ಹಾಸ್ಟೆಲ್‌ನಲ್ಲಿದ್ದಾಳೆ, ಅವಳಿಗೂ ಇದೇ ನೋವು. ನಿನ್ನ ಮುಟ್ಟು ಬಂದ ದಿನ, ನಿಂತ ದಿನ, ನೋವು ಎಲ್ಲಿ, ಮಾತ್ರೆ ಎಷ್ಟು, ಕ್ಲಾಸ್ ತಪ್ಪಿತಾ ಎಲ್ಲ ಬರೆದಿಡು ಎಂದು ಹೇಳಿದ್ದೇನೆ. ಗಂಟೆಗೊಂದು ಪ್ಯಾಡ್ ತೊಯ್ದರೆ, ದೊಡ್ಡ ಗಡ್ಡೆ ಹೋದರೆ, ತಲೆ ಸುತ್ತಿ ಬಿದ್ದರೆ, ಮಧ್ಯೆ ಮಧ್ಯೆ ರಕ್ತ ಕಂಡರೆ ಬರೆದಿಡುತ್ತಾ ಕೂರದೆ ಅವತ್ತೇ ಡಾಕ್ಟರ್ ಹತ್ತಿರ ಹೋಗು, ನನಗೆ ಫೋನ್ ಮಾಡು ಎಂದಿದ್ದೇನೆ. ಹಿಮೋಗ್ಲೋಬಿನ್ ನೋಡಿಸಿದ್ದಾಳೆ, ಕಡಿಮೆ ಇದೆ, ಕಬ್ಬಿಣದ ಮಾತ್ರೆ ಶುರುವಾಗಿದೆ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದಾಯಿತು. ರಜೆಗಿಂತ ನನಗೆ ಖುಷಿ ಕೊಟ್ಟಿದ್ದು ಆ ವಾರ ಸ್ಟಾಫ್ ರೂಮಿನಲ್ಲಿ ಗಂಡಸರ ಎದುರಿಗೇ ಈ ಮಾತು ಬಂದಿದ್ದು. ಒಬ್ಬ ಸರ್ ತಮ್ಮ ಹೆಂಡತಿಗೆ ಇಷ್ಟು ನೋವಿದೆ, ಯಾರಿಗೆ ತೋರಿಸಬೇಕು ಮೇಡಂ ಎಂದು ಆಮೇಲೆ ನನ್ನ ಹತ್ತಿರ ಬಂದು ಕೇಳಿದರು.

ನನ್ನದು ಈಗ ಹೀಗಿದೆ. ಗಂಟು ಚಿಕ್ಕದು, ಆಪರೇಷನ್ ಮಾಡಿದರೆ ಅಂಡಾಶಯದಲ್ಲಿ ಉಳಿದ ಅಂಡಗಳೂ ಕಡಿಮೆಯಾಗಬಹುದು, ಅದಕ್ಕೆ ಸದ್ಯ ಬೇಡ ಎಂದಿದ್ದಾರೆ. ಆರು ತಿಂಗಳು ಮಗುವಿಗೆ ಪ್ರಯತ್ನಿಸಿ ಎಂದಿದ್ದಾರೆ. ನಮ್ಮ ಮನೆಯವರ ವೀರ್ಯ ಪರೀಕ್ಷೆಯೂ ಆಗಲಿ ಎಂದರು. ಅತ್ತೆಗೆ ಅದು ಸರಿಬರಲಿಲ್ಲ, "ಅವನಿಗ್ಯಾಕೆ?" ಎಂದರು. ನಮ್ಮ ಮನೆಯವರು ಮಾತ್ರ ಏನೂ ಅನ್ನದೆ ಶನಿವಾರ ಬೆಳಿಗ್ಗೆ ಹೋಗಿ ಮಾಡಿಸಿಕೊಂಡು ಬಂದರು. ರಿಪೋರ್ಟ್ ಚೆನ್ನಾಗಿದೆ. ಮಗು ಆದರೆ ಸಂತೋಷ. ಆಗದಿದ್ದರೆ ಮುಂದಿನ ಚಿಕಿತ್ಸೆಗೆ ಹೋಗಬೇಕಾ ಎಂದು ಇನ್ನೂ ಮಾತಾಡುತ್ತಿದ್ದೇವೆ. ಮಗುವಿನ ಪ್ರಯತ್ನ ಮುಗಿದ ಮೇಲೆ ಡೈನೋಜೆಸ್ಟ್ ಎನ್ನುವ ಹಾರ್ಮೋನ್ ಮಾತ್ರೆ ಶುರು ಮಾಡುವ ಯೋಚನೆ ಇದೆ. ಅದರಲ್ಲಿ ಕೆಲವರಿಗೆ ಮುಟ್ಟು ಪೂರ್ತಿ ನಿಂತೇ ಹೋಗುತ್ತದೆ, ಕೆಲವರಿಗೆ ಮೊದಮೊದಲು ಆಗಾಗ ಸ್ವಲ್ಪ ರಕ್ತ ಕಾಣುತ್ತದೆ. ಈ ಸಲ ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡಿದ್ದೇನೆ, ಅತ್ತೆಗೂ ಹೇಳಿದ್ದೇನೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ನಾನೂ ಬರ್ತೀನಿ ಎಂದಿದ್ದಾರೆ, ಕೇಳುವುದಕ್ಕೆ ಅವರದ್ದೇ ಒಂದೆರಡು ಪ್ರಶ್ನೆ ಇವೆಯಂತೆ.